ಗಲ್ಲಿ ಗಣಪತಿಗೆ ಯಾರ ಸಹಿ?

ಪರ: ಮಂಟಪ ಹಾಕಿದವರೇ ಹೊಣೆ ಹೊರಲಿ

ಕಲಬುರಗಿಯ ಶಹಾಬಜಾರಿರಲಿ, ಬ್ರಹ್ಮಪುರವಿರಲಿ, ಗಣಪತಿ ಕೂಡಿಸುವ ಮಾತು ಬಂದ ಕೂಡಲೇ ಮೊದಲು ಸಿದ್ಧವಾಗುವುದು ಚಂದಾ ಪುಸ್ತಕ. ಕರೆಂಟಿನ ಅರ್ಜಿ ಕೊನೆಗೆ. ಎಷ್ಟೋ ಸಲ ಅದೂ ಇರುವುದಿಲ್ಲ, ಕಂಬಕ್ಕೊಂದು ಕೊಕ್ಕೆ ಹಾಕಿದರೆ ಮುಗೀತು. ಒಂದು ವರ್ಷ ನಮ್ಮ ಗಲ್ಲಿಯಲ್ಲಿ ಮಳೆ ಬಂದ ಸಂಜೆ ಮಂಟಪದ ಕಬ್ಬಿಣದ ಪೈಪು ಮುಟ್ಟಿದ ಹುಡುಗನಿಗೆ ಶಾಕ್ ಹೊಡೆಯಿತು. ಪುಣ್ಯಕ್ಕೆ ಬದುಕಿದ. ವೈರು ಎಳೆದವರು ಯಾರು ಅಂತ ಕೇಳಿದರೆ ಹತ್ತು ಜನ ಹತ್ತು ಕಡೆ ಬೆರಳು ತೋರಿಸಿದರು. ಮಂಟಪದಲ್ಲಿ ಏನಾದರೂ ಆದರೆ ಹೊಣೆ ನಮ್ಮದು ಅಂತ ಹಾಕಿದವರ ಸಹಿ ಬೇಕು ಅನ್ನುವುದು ಇದಕ್ಕೇ.

ಕರೆಂಟು ಕೊಡುವ ಕಂಪನಿ ಜೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತಗೊಂಡರೆ ಲೋಡ್ ಎಷ್ಟು ಅಂತ ಬರೆದು ಕೊಡಬೇಕಾಗುತ್ತದೆ. ಜೊತೆಗೊಂದು ಇಎಲ್‌ಸಿಬಿ ಅನ್ನುವ ಸುರಕ್ಷತಾ ಸ್ವಿಚ್ ಹಾಕಿಸಿದರೆ, ಕರೆಂಟು ಸೋರಿದ ಕೂಡಲೇ ಅದು ಲೈನ್ ಕಡಿಯುತ್ತದೆ. ಸೀರಿಯಲ್ ಸೆಟ್ಟಿಗೆ ಸುರಿಯುವ ದುಡ್ಡಿನ ಮುಂದೆ ಇದೇನು ಜಾಸ್ತಿ ಅಲ್ಲ. ಇನ್ನು ಡಿಜೆ ಮಾತು ಬಿಡಿ, ರಾತ್ರಿ 10ರ ಮೇಲೆ ಧ್ವನಿವರ್ಧಕ ಬೇಡ ಅನ್ನುವ ನಿಯಮ 2000ದಿಂದಲೂ ಇದೆ, ಕೇಳುವವರು ಯಾರು?

ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ ಹಳೆಯ ಐಪಿಸಿಯಲ್ಲಿ 2 ವರ್ಷದವರೆಗೆ ಜೈಲಿತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನಲ್ಲಿ ಅದು 5 ವರ್ಷದವರೆಗೆ ಹೋಗುತ್ತದೆ. ಇದನ್ನು ಚಂದಾ ಪುಸ್ತಕದ ಮೊದಲ ಪುಟದಲ್ಲೇ ಅಚ್ಚು ಹಾಕಿಸಲಿ.

ವಿರೋಧ: ಹೊಣೆಯೆಲ್ಲ ಒಬ್ಬ ಹುಡುಗನ ತಲೆಗಾ?

ಠಾಣೆಯಲ್ಲಿ ಮುಚ್ಚಳಿಕೆಗೆ ಸಹಿ ಹಾಕುವವರು ಯಾರು ಅಂತ ನೋಡಿದ್ದೀರಾ? ಬ್ಯಾನರಿನಲ್ಲಿ ಕೈಮುಗಿದು ನಿಂತ ದೊಡ್ಡವರಲ್ಲ. ಆಧಾರ್ ಕಾರ್ಡ್ ಜೇಬಿನಲ್ಲಿಟ್ಟುಕೊಂಡು ಬಂದ ಹುಡುಗ. ಗಲ್ಲಿಯಲ್ಲಿ ಜೋತುಬಿದ್ದ ಲೈನು ಅವನದಲ್ಲ. ಅಗೆದು ಹಾಗೇ ಬಿಟ್ಟ ರಸ್ತೆ ಅವನದಲ್ಲ. ಎಷ್ಟು ಜನ ಬರುತ್ತಾರೆ ಅನ್ನುವುದಂತೂ ಅವನ ಕೈಯಲ್ಲಿಲ್ಲ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹತ್ತಿರ ಕಾಲ್ತುಳಿತದಲ್ಲಿ 11 ಜನ ಸತ್ತರು. ತಪ್ಪು ಯಾರದು ಅಂತ ಒಬ್ಬರ ಮೇಲೊಬ್ಬರು ಹಾಕಿದ್ದನ್ನು ಟಿವಿಯಲ್ಲಿ ನೋಡಿದ್ದೇವೆ ಅಲ್ವಾ? ವಕೀಲರಿದ್ದ ಕಡೆಯೇ ಹಾಗಾದರೆ ನಮ್ಮ ಹುಡುಗನ ಗತಿ ಏನು?

ಶರಣಬಸವೇಶ್ವರ ಜಾತ್ರೆಯ ತೇರಿನ ದಿನ ಪೊಲೀಸರು, ಬ್ಯಾರಿಕೇಡು ಎಲ್ಲ ಇರುತ್ತವೆ. ಗಲ್ಲಿಗೆ ಬರುವುದು ಮುಚ್ಚಳಿಕೆ ಮಾತ್ರ. ಸಹಿ ಬೇಕೇ ಬೇಕು ಅಂದರೆ ಎರಡಿರಲಿ. ಒಂದು ಮಂಟಪ ಹಾಕಿದವನದು, ಇನ್ನೊಂದು ಮಂಟಪಕ್ಕೆ ಬಂದು ವೈರು ನೋಡಿ ಹೋದ ಅಧಿಕಾರಿಯದು. ಆ ಎರಡನೇ ಸಹಿಗೆ ಜಾಗ ಇರುವ ಅರ್ಜಿಯನ್ನು ನಾನಂತೂ ನೋಡಿಲ್ಲ.

ಹೋದ ವರ್ಷ ಮೂರು ಕಚೇರಿ ಅಲೆದ ಹುಡುಗನೊಬ್ಬ ಈ ಸಲ ಕೇಳಿದ, "ಅಣ್ಣಾ, ಕೊಕ್ಕೆ ಹಾಕಿದ್ರೆ ಯಾರೂ ಕೇಳಲ್ಲ, ಅರ್ಜಿ ಹಾಕಿದ್ರೆ ಎಲ್ಲರೂ ಕೇಳ್ತಾರೆ. ಯಾವುದು ಹಾಕ್ಲಿ?"