ಅಡ್ವಾನ್ಸ್ ಕೇಳೋ ಮೊದಲ ಕಾರ್ಡು ಕೇಳ್ರಿ

ಹೋದ ವರ್ಷ ಉಗಾದಿಗೆ ಇನ್ನೆರಡು ದಿನ ಇತ್ತು. ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಮಾಡುವ ನಮ್ಮ ಕಾಕಾ ಉಳ್ಳಾಗಡ್ಡಿ ಚೀಲ ಇಳಿಸುತ್ತಿದ್ದವನು ಎದೆ ಹಿಡಿದುಕೊಂಡು ಅಲ್ಲೇ ಕುಂತುಬಿಟ್ಟ. ಜೊತೆಯವರು ಆಟೋದಲ್ಲಿ ಹಾಕಿಕೊಂಡು ಹುಬ್ಬಳ್ಳಿಯ ಒಂದು ಖಾಸಗಿ ದವಾಖಾನೆಗೆ ಒಯ್ದರು. ನಾನು ಕುಂದಗೋಳದಿಂದ ಓಡಿಹೋಗುವಷ್ಟರಲ್ಲಿ ಚಿಗವ್ವ ಕೌಂಟರಿನ ಮುಂದೆ ನಿಂತಿದ್ದಳು. ಒಳಗಿದ್ದವರು ಕೇಳಿದ ಮೊದಲ ಮಾತು, “ಅಡ್ವಾನ್ಸ್ ಎಷ್ಟು ಕಟ್ತೀರಿ?”

ಚಿಗವ್ವ ಏನೂ ಮಾತಾಡಲಿಲ್ಲ. ಕೊರಳಲ್ಲಿದ್ದ ಬೋರಮಾಳ ಬಿಚ್ಚಿ ನನ್ನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದಳು. ಅದನ್ನು ಅಡವಿಟ್ಟು ರೊಕ್ಕ ತಂದೆ, ಕಟ್ಟಿದೆ. ಡಾಕ್ಟರು ಒಳ್ಳೆಯವರು, ಕಾಕಾ ಉಳಿದ. ಅವರ ಋಣ ನಮ್ಮ ಮೇಲಿದೆ.

ಡಿಸ್ಚಾರ್ಜ್ ದಿನ ಬಿಲ್ಲಿಗೆ ಕಾಯುತ್ತಾ ನಿಂತಾಗ ಲಿಫ್ಟಿನ ಪಕ್ಕದ ಗೋಡೆಯ ಮೇಲೆ ಒಂದು ಬೋರ್ಡು ಕಂಡಿತು. ಔಷಧಿ ಕಂಪನಿಯ ಕ್ಯಾಲೆಂಡರು ಅದರ ಅರ್ಧ ಮುಚ್ಚಿತ್ತು. ಎತ್ತಿ ನೋಡಿದರೆ ‘ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ’. ಆ ದವಾಖಾನೆ ಸರಕಾರದ ಈ ಉಚಿತ ಚಿಕಿತ್ಸೆ ಯೋಜನೆಯಲ್ಲಿ ನೋಂದಣಿ ಆಗಿತ್ತು! ಕಾಕಾನ ಅಂಗಿ ಕಿಸೆಯಲ್ಲಿ, ಹಾಲಿನ ಪಾಕೀಟಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಿಪಿಎಲ್ ಕಾರ್ಡಿನ ಝೆರಾಕ್ಸ್ ಇತ್ತು. ನನ್ನ ಅಂಗಡಿಯಲ್ಲೇ ತೆಗೆದದ್ದು. ಕೇಳಿದ್ದಕ್ಕೆ, “ಮೊದಲ ಹೇಳಬೇಕಾಗಿತ್ತಲ್ರಿ, ಈಗ ರೊಕ್ಕ ಕಟ್ಟೀರಿ, ಬಿಲ್ ಆಗೇತಿ” ಅಂದರು. ಈ ಯೋಜನೆಯಲ್ಲಿ ಸರಕಾರ ನೇರವಾಗಿ ದವಾಖಾನೆಗೆ ರೊಕ್ಕ ಕೊಡುತ್ತದೆ. ನಾವು ಕಟ್ಟಿದ ಮೇಲೆ ವಾಪಸು ಪಡೆಯುವುದು ಸುಲಭ ಅಲ್ಲ.

ನಾನು ದಿನಾ ಇಂಥ ಅರ್ಜಿ ತುಂಬಿಕೊಡುವವನು. ಝೆರಾಕ್ಸ್, ಆನ್‌ಲೈನ್ ಅರ್ಜಿ, ಇದೇ ನನ್ನ ಹೊಟ್ಟೆಪಾಡು. ಆದರೂ ಆ ಹೊತ್ತಿನಲ್ಲಿ ನನಗೆ ನೆನಪಾಗಲಿಲ್ಲ. ಮನೆಯವರು ಐಸಿಯು ಒಳಗಿದ್ದಾಗ ಯಾರಿಗೂ ನೆನಪಾಗುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಕೇಳುವ ಕೆಲಸ ದವಾಖಾನೆಯದ್ದಾಗಬೇಕು. ನೋಂದಣಿ ಇರುವ ಪ್ರತಿ ದವಾಖಾನೆಯ ಕೌಂಟರಿನಲ್ಲಿ, ರೊಕ್ಕದ ಮಾತಿಗಿಂತ ಮೊದಲು, “ರೇಷನ್ ಕಾರ್ಡು ಐತೇನ್ರಿ?” ಅಂತ ಕೇಳುವುದು ಕಡ್ಡಾಯ ಆಗಬೇಕು. ಕೇಳಿದ್ದೇವೆ ಅಂತ ಮನೆಯವರ ಸಹಿ ತಗೊಳ್ಳಲಿ. ಆಪರೇಷನ್‌ಗೆ ಹತ್ತು ಕಡೆ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಇದೊಂದು ಹೆಚ್ಚೇನು?

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. 2018ರಿಂದ ನಮ್ಮ ರಾಜ್ಯದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಸರಕಾರ ಕೊಡುವುದು ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತುಮಾಡಿದ ದರದ, ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಮೊದಲು ಸರಕಾರಿ ದವಾಖಾನೆಗೆ ಹೋಗಬೇಕು. ನಮ್ಮ ಕಡೆಯವರಿಗೆ ಅಂದರೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಸಿವಿಲ್ ದವಾಖಾನೆ, ಗದಗಿನವರಿಗೆ ಜಿಮ್ಸ್. ಅಲ್ಲಿ ಆಗದಿದ್ದರೆ ಅವರೇ ಶಿಫಾರಸು ಪತ್ರ ಕೊಟ್ಟು ಖಾಸಗಿಗೆ ಕಳಿಸುತ್ತಾರೆ. ಈ ಪತ್ರ ಇಲ್ಲದೆ ನೇರ ಖಾಸಗಿಗೆ ಹೋಗಿ ಕೈಸುಟ್ಟುಕೊಂಡವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಮಾತ್ರ ಆ ಪತ್ರ ಬೇಡ. ದವಾಖಾನೆಯೊಳಗೆ ‘ಆರೋಗ್ಯಮಿತ್ರ’, ಅಂದರೆ ಈ ಯೋಜನೆಯ ಸಹಾಯಕ್ಕೆ ಇಟ್ಟವರು, ಎಲ್ಲಿದ್ದಾರೆ ಅಂತ ಮೊದಲು ಹುಡುಕಿರಿ. ಸಿಗದಿದ್ದರೆ 14555ಕ್ಕೆ ಫೋನ್ ಹಚ್ಚಿರಿ.

ಇನ್ನು ಹೆಸರಿನ ತಾಪತ್ರಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಯಾಕೆಂದರೆ ಜನ ಸಿಕ್ಕಿಬೀಳುವುದು ಇಲ್ಲೇ. ಆಧಾರ್‌ನಲ್ಲಿ ‘ಫಕೀರಪ್ಪ’, ರೇಷನ್ ಕಾರ್ಡಿನಲ್ಲಿ ‘ಫಕ್ಕೀರಪ್ಪ’. ಒಂದರಲ್ಲಿ ಅಡ್ಡಹೆಸರು ಇದೆ, ಇನ್ನೊಂದರಲ್ಲಿ ಅಪ್ಪನ ಹೆಸರು. ಸೊಸೆ ಬಂದು ಆರು ವರ್ಷ ಆಗಿರುತ್ತದೆ, ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಇರುತ್ತದೆ. ಕೂಸಿನ ಹೆಸರು ಎಲ್ಲೂ ಇಲ್ಲ. ರೇಷನ್ ಬರುತ್ತಿದೆಯಲ್ಲ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆರಿಗೆಯಲ್ಲಿ ತೊಂದರೆಯಾದಾಗ, ಕೂಸಿಗೆ ಆಪರೇಷನ್ ಅಂದಾಗ ರಾತ್ರಿ ಹತ್ತಕ್ಕೆ ನನ್ನ ಮನೆ ಬಾಗಿಲು ಬಡಿಯುತ್ತಾರೆ. “ತಮ್ಮಾ, ಈಗ ಹೆಸರು ಸೇರಿಸಿ ಕೊಡೋ” ಅಂತಾರೆ. ಸೈಟು ಬಂದ್ ಇರುತ್ತದೆ. ನಾನು ಏನು ಮಾಡಲಿ?

ನನಗೆ ಹೆಚ್ಚು ಸಂಕಟ ಆಗುವುದು ನಡುವಿನವರನ್ನು ಕಂಡಾಗ. ಒಬ್ಬ ಟಂಟಂ ಗಾಡಿಯವನು ಸಾಲ ಸಿಗಲಿ ಅಂತ ಐಟಿ ರಿಟರ್ನ್ಸ್ ತುಂಬಿದ, 2024ರ ಕೊನೆಗೆ ಅವನ ಬಿಪಿಎಲ್ ಕಾರ್ಡು ಎಪಿಎಲ್ ಆಗಿ ಕೂತಿತು. ಗಳಿಕೆ ಒಂದು ಪೈಸೆ ಹೆಚ್ಚಾಗಿಲ್ಲ. ಅರ್ಜಿ ಕೊಟ್ಟು ತಿದ್ದಿಸುವವರೆಗೆ ಅವನ ಮನೆಯಲ್ಲಿ ಯಾರೂ ಜಡ್ಡು ಬೀಳಬಾರದು, ಅಷ್ಟೇ. ಇಂಥವರಿಗೆ ನಾನು ಹೇಳುವುದು ಯಶಸ್ವಿನಿ, ಸಹಕಾರ ಸಂಘಗಳ ಸದಸ್ಯರಿಗೆ ಇರುವ ಸರಕಾರದ ಆರೋಗ್ಯ ಯೋಜನೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಬಂದಿದೆ. ಸಹಕಾರ ಸಂಘದ ಸದಸ್ಯತ್ವ ಇರಬೇಕು. ಊರಿನ ಸೊಸೈಟಿ, ಹಾಲಿನ ಸಂಘ, ಬೆಟಗೇರಿಯ ಕಡೆ ನೇಕಾರರ ಸಂಘ, ಯಾವುದಾದರೂ ನಡೆಯುತ್ತದೆ. ಮತ್ತೆ ಶುರುವಾದಾಗ ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500, ಪಟ್ಟಣದಲ್ಲಿ 1000 ರೂಪಾಯಿ ಇಟ್ಟರು. ಆದರೆ ವರ್ಷದಲ್ಲಿ ಕೆಲವೇ ತಿಂಗಳು ನೋಂದಣಿ ತೆರೆದಿರುತ್ತದೆ. ಜಡ್ಡು ಬಂದ ಮೇಲೆ ಹೋದರೆ ಆಗುವುದಿಲ್ಲ.

ಅರಿವೆ ಅಂಗಡಿ, ಹೋಟೆಲ್‌ಗಳಲ್ಲಿ ದುಡಿಯುವ ಹುಡುಗ ಹುಡುಗಿಯರೇ, ನೀವು ದುಡಿಯುವಲ್ಲಿ ಹತ್ತು ಅಥವಾ ಹೆಚ್ಚು ಮಂದಿ ಕೆಲಸಕ್ಕಿದ್ದು, ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ, ಅಂದರೆ ಕಾರ್ಮಿಕರ ಸರಕಾರಿ ವಿಮೆ, ನಿಮ್ಮ ಹಕ್ಕು. ನಿಮ್ಮ ಸಂಬಳದಲ್ಲಿ ಹಿಡಿಯುವುದು ನೂರಕ್ಕೆ ಮುಕ್ಕಾಲು ರೂಪಾಯಿ. ಮಾಲಕರನ್ನು ಕೇಳಿರಿ, ಹೆದರಬೇಡಿರಿ. ಗೌಂಡಿ ಕೆಲಸದವರು ಲೇಬರ್ ಕಾರ್ಡು ನವೀಕರಿಸಿಕೊಳ್ಳಿರಿ, ಅದರಲ್ಲೂ ವೈದ್ಯಕೀಯ ಸಹಾಯ ಇದೆ.

ಬೋರಮಾಳ ಇನ್ನೂ ಬಿಡಿಸಿಲ್ಲ. ಕಾಕಾ ಈಗ ಚೀಲ ಹೊರುವಂತಿಲ್ಲ, ಬಡ್ಡಿ ನಾನು ಕಟ್ಟುತ್ತಿದ್ದೇನೆ. ಹೋದ ವಾರ ಚಿಗವ್ವ ಓಣಿಯ ಆರು ಮನೆಯ ರೇಷನ್ ಕಾರ್ಡುಗಳನ್ನು ಒಂದು ಕೈಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದಿದ್ದಳು. ಟೇಬಲ್ ಮೇಲೆ ಸಾಲಾಗಿ ಹಚ್ಚಿ, “ಎಲ್ಲಾರ ಹೆಸರು ನೋಡಪಾ, ಒಂದಕ್ಷರ ತಪ್ಪಿದ್ರೂ ಈಗ ಹೇಳು” ಅಂದಳು. ಮೂರು ಕಾರ್ಡಿನಲ್ಲಿ ತಪ್ಪು ಸಿಕ್ಕವು. ಎರಡರ ತಿದ್ದುಪಡಿ ಅರ್ಜಿ ಹಾಕಿ ಆಗಿದೆ. ಮೂರನೆಯದಕ್ಕೆ ಆ ಮನೆಯ ಸೊಸೆ ತವರಿಗೆ ಹೋಗಿ ಅಲ್ಲಿನ ಕಾರ್ಡಿನಿಂದ ಹೆಸರು ತೆಗೆಸಿಕೊಂಡು ಬರಬೇಕು. ಸೋಮವಾರ ಹೋಗುತ್ತೇನೆ ಅಂದಿದ್ದಾಳೆ.