ಶಿವಮೊಗ್ಗದಲ್ಲಿ ಸ್ವಂತ ಮನೆ: ಈಗಲೇ ಕೊಳ್ಳೋದಾ, ಕಾಯೋದಾ?

ಗಾಂಧಿಬಜಾರಿನ ಅಂಗಡಿಯಲ್ಲಿ ನಿಂತರೂ, ಮದುವೆ ಮನೆಯ ಪಂಕ್ತಿಯಲ್ಲಿ ಕೂತರೂ ಶಿವಮೊಗ್ಗದಲ್ಲಿ ಒಂದು ಮಾತು ಬಂದೇ ಬರುತ್ತದೆ: "ಆ ಕಡೆ ಸೈಟು ರೇಟು ಎಷ್ಟಾಯ್ತಂತೆ?" ಬಾಡಿಗೆಗೆ ಇರುವವರು ಈಗಲೇ ಮನೆ ಕೊಳ್ಳಬೇಕಾ, ಇನ್ನೊಂದೆರಡು ವರ್ಷ ನೋಡಬೇಕಾ ಎಂಬುದರ ಬಗ್ಗೆ ಊರಿನ ಇಬ್ಬರು ಇಲ್ಲಿ ಬರೆದಿದ್ದಾರೆ. ಒಬ್ಬರು ಇತ್ತೀಚೆಗೆ ಮನೆ ಕೊಂಡ ಶಿಕ್ಷಕಿ. ಇನ್ನೊಬ್ಬರು ಅಡಿಕೆ ಬೆಳೆಯುವ ಮನೆತನದವರು, ಕೆಲಸಕ್ಕೆಂದು ಪೇಟೆಗೆ ಬಂದು ಬಾಡಿಗೆ ಮನೆಯಲ್ಲೇ ಇರುವವರು.

ಪರ: ಕಾಯ್ದು ನಾವು ಕಳೆದುಕೊಂಡದ್ದೇ ಜಾಸ್ತಿ

2012ರಲ್ಲಿ ನಾವು ಗೋಪಾಳಕ್ಕೆ ಬಾಡಿಗೆಗೆ ಬಂದಾಗ ಎದುರಿಗೆ ಒಂದು 30×40 ಸೈಟು ಖಾಲಿ ಇತ್ತು. ಅದರ ಮಾಲೀಕರು ನಮಗೇ ಕೊಡುತ್ತೇವೆ ಅಂದಿದ್ದರು. ನಮ್ಮವರಿಗೆ ಮನಸ್ಸಿತ್ತು. ಮಾವ ಬೇಡ ಅಂದರು. "ಅಡಿಕೆ ರೇಟು ಒಂದು ಸಲ ಬೀಳಲಿ, ಸೈಟು ರೇಟೂ ಬೀಳುತ್ತೆ. ಆಗ ತಗೊಳ್ಳಿ." ದೊಡ್ಡವರ ಮಾತು ಅಂತ ಸುಮ್ಮನಾದೆವು.

ಅಡಿಕೆ ರೇಟು ಏರಿತು, ಬಿತ್ತು, ಮತ್ತೆ ಏರಿತು. ಸೈಟು ರೇಟು ಮಾತ್ರ ಒಮ್ಮೆಯೂ ಬೀಳಲಿಲ್ಲ. 6,500 ರೂಪಾಯಿಗೆ ಶುರುವಾದ ನಮ್ಮ ಬಾಡಿಗೆ 14,000ಕ್ಕೆ ಬಂತು. ಎದುರಿನ ಸೈಟಿನಲ್ಲಿ ಮೂರು ಅಂತಸ್ತಿನ ಮನೆ ಎದ್ದಿತು. ಮಧ್ಯಾಹ್ನ ಎರಡು ಗಂಟೆಗೆಲ್ಲ ಅದರ ನೆರಳು ನಮ್ಮ ಅಂಗಳಕ್ಕೆ ಬರುತ್ತಿತ್ತು. ಹಲಸಿನ ಹಪ್ಪಳ ಒಣಗಿಸಲು ಬಿಸಿಲು ಸಾಲದೆ ಚಾಪೆಯನ್ನು ಮೂಲೆಯಿಂದ ಮೂಲೆಗೆ ಎಳೆಯುವಾಗಲೆಲ್ಲ ನನಗೆ ಆ ಸೈಟು ನೆನಪಾಗುತ್ತಿತ್ತು.

ಇಲ್ಲಿ ರೇಟು ಯಾಕೆ ಬೀಳುವುದಿಲ್ಲ ಅಂತ ನನಗೆ ಅರ್ಥವಾಗಲು ಹತ್ತು ವರ್ಷ ಹಿಡಿಯಿತು. ನಮ್ಮ ಊರಿನಲ್ಲಿ ಸೈಟು ಇಟ್ಟುಕೊಂಡವರಲ್ಲಿ ಜಾಸ್ತಿ ಜನ ಸಾಲ ಮಾಡಿ ಕೊಂಡವರಲ್ಲ. ಒಬ್ಬರದು ಅಡಿಕೆ ದುಡ್ಡು, ಇನ್ನೊಬ್ಬರದು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳು ಕಳಿಸಿದ್ದು, ಮತ್ತೊಬ್ಬರದು ನಿವೃತ್ತಿಯಾದಾಗ ಬಂದದ್ದು. ಬಡ್ಡಿ ಕಟ್ಟುವ ಕಷ್ಟ ಇಲ್ಲದವರು ಕಡಿಮೆಗೆ ಯಾಕೆ ಕೊಡುತ್ತಾರೆ? ಕೊಳ್ಳುವವರು ಬರದಿದ್ದರೆ ಬೇಲಿ ಹಾಕಿ ಸುಮ್ಮನಿರುತ್ತಾರೆ. ಹಾಗಾಗಿ ಇಲ್ಲಿ ರೇಟು ಇಳಿಯುವುದಿಲ್ಲ, ನಿಂತಿರುತ್ತದೆ. ಅದು ನಿಂತಿರುವಾಗಲೇ ನಮ್ಮಂಥವರಿಗೆ ಚೌಕಾಸಿ ಮಾಡಲು ಜಾಗ ಸಿಗುವುದು. ಓಡಲು ಶುರುವಾದ ಮೇಲೆ ಯಾರೂ ನಮ್ಮ ಮಾತು ಕೇಳುವುದಿಲ್ಲ.

ಸಾಲದ ಮಾತಿಗೆ ಬರೋಣ. 2023ರ ಫೆಬ್ರವರಿಯಿಂದ ಎರಡು ವರ್ಷ ರಿಸರ್ವ್ ಬ್ಯಾಂಕಿನ ರೆಪೋ ದರ, ಅಂದರೆ ಅದು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಶೇ. 6.5ರಲ್ಲೇ ಇತ್ತು. 2025ರಲ್ಲಿ ನಾಲ್ಕು ಸಲ ಇಳಿದು ಡಿಸೆಂಬರಿಗೆ 5.25ಕ್ಕೆ ಬಂತು. ಗೃಹಸಾಲದ ಬಡ್ಡಿಯೂ ಅದರ ಹಿಂದೆಯೇ ಇಳಿಯಿತು. 30 ಲಕ್ಷ ಸಾಲವನ್ನು 20 ವರ್ಷಕ್ಕೆ ಶೇ. 8.5ರಲ್ಲಿ ತೆಗೆದರೆ ತಿಂಗಳ ಕಂತು ಸುಮಾರು 26,035 ರೂಪಾಯಿ. ಶೇ. 7.5ರಲ್ಲಿ ಸುಮಾರು 24,168. ತಿಂಗಳಿಗೆ 1,800ಕ್ಕಿಂತ ಜಾಸ್ತಿ ಉಳಿಯಿತಲ್ವಾ, ನಮ್ಮ ಮನೆಗೆ ಅದು ಹಾಲಿನ ಲೆಕ್ಕ. ಮುಂದೆ ಬಡ್ಡಿ ಏರಬಹುದು, ನಿಜ. ಆದರೆ ಏರಿಳಿಯುವ ಬಡ್ಡಿಯ ಗೃಹಸಾಲವನ್ನು ದುಡ್ಡು ಬಂದಾಗ ಬೇಗ ತೀರಿಸಿದರೆ ದಂಡ ಇಲ್ಲ. ಬೇರೆ ಬ್ಯಾಂಕಿಗೆ ವರ್ಗ ಮಾಡಿಸಲೂಬಹುದು. ಬಡ್ಡಿಯನ್ನು ಆಮೇಲೆ ಸರಿಮಾಡಿಕೊಳ್ಳಬಹುದು, ಕೊಂಡ ರೇಟನ್ನು ಸರಿಮಾಡಿಕೊಳ್ಳಲು ಆಗುವುದಿಲ್ಲ.

ಕಾಯುವುದಕ್ಕೂ ಖರ್ಚಿದೆ. 2023ರ ಅಕ್ಟೋಬರಿನಲ್ಲಿ ಸರ್ಕಾರ ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ತಾನು ಗೊತ್ತು ಮಾಡುವ ಕನಿಷ್ಠ ಬೆಲೆ, ಏರಿಸಿತು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1 ಇದ್ದದ್ದು 2 ಆಯಿತು. 40 ಲಕ್ಷದ ಮನೆಗೆ ಅಷ್ಟರಲ್ಲೇ 40,000 ರೂಪಾಯಿ ಹೆಚ್ಚು. ಒಂದು ವಾರ ತಡ ಮಾಡಿ ಅದನ್ನು ಕಟ್ಟಿದವರು ನಮ್ಮ ಶಾಲೆಯಲ್ಲೇ ಇದ್ದಾರೆ.

ನಾವು ಕೊನೆಗೆ ಹೊಸ ಬಡಾವಣೆಗೆ ಹೋಗಲಿಲ್ಲ. ವಿನೋಬನಗರದಲ್ಲಿ ಒಂದು ಹಳೇ ಮನೆ ಕೊಂಡೆವು. ಕೆಂಪು ರೆಡ್ ಆಕ್ಸೈಡ್ ನೆಲ, ಹಿಂದೆ ಬಾವಿ, ಬಚ್ಚಲಿನ ಪಕ್ಕ ಕರಿಬೇವಿನ ಗಿಡ. ಮಾರಿದವರು ವಯಸ್ಸಾದ ಗಂಡ ಹೆಂಡತಿ, ಬೆಂಗಳೂರಿನ ಮಗನ ಮನೆಗೆ ಹೊರಟವರು. ಮಾತುಕತೆ ಮುಗಿದ ದಿನ ಆ ಅಮ್ಮ ನನ್ನ ಕೈ ಹಿಡಿದು ಪಡಸಾಲೆಗೆ ಕರೆದುಕೊಂಡು ಹೋದರು. "ಈ ಕಿಟಕಿಗೆ ಆಷಾಢದಲ್ಲಿ ಎರಚಲು ಹೊಡೆಯುತ್ತಮ್ಮ. ಹೊರಗಿಂದ ಒಂದು ತಟ್ಟಿ ಕಟ್ಟು. ನಾನು ನಲವತ್ತು ವರ್ಷ ಕಟ್ಟಿದೀನಿ" ಅಂದರು. ಅಂಥ ಮಾತು ಯಾವ ಬಡಾವಣೆಯ ಬಣ್ಣದ ಹಾಳೆಯಲ್ಲೂ ಸಿಗುವುದಿಲ್ಲ. ನಲವತ್ತು ಮಳೆಗಾಲ ಕಂಡ ಮನೆ ಎಲ್ಲಿ ಸೋರುತ್ತದೆ ಅಂತ ನಮಗೆ ಮೊದಲೇ ಗೊತ್ತಾಯಿತು.

ಮಾರುವವರಿಗೂ ಇದು ಕೆಟ್ಟ ಕಾಲವಲ್ಲ. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಯಾದರೆ, ಲಾಭದ ಮೇಲೆ ಶೇ. 12.5 ತೆರಿಗೆ ಕಟ್ಟಬಹುದು, ಇಲ್ಲವೇ ಹಣದುಬ್ಬರದ ಲೆಕ್ಕ ಹಿಡಿದು ಶೇ. 20 ಕಟ್ಟಬಹುದು. ಯಾವುದು ಕಡಿಮೆಯೋ ಅದು. ಆ ಹಿರಿಯರಿಗೆ ಎರಡನ್ನೂ ಲೆಕ್ಕ ಹಾಕಿ ತೋರಿಸಿದ್ದು ಅವರ ಆಡಿಟರ್. ಆಮೇಲೆಯೇ ಅವರು ರೇಟಿನಲ್ಲಿ ಸ್ವಲ್ಪ ಇಳಿದದ್ದು.

ಹದಿಮೂರು ವರ್ಷ ನಾವು ಕಟ್ಟಿದ ಬಾಡಿಗೆಯ ಚೀಟಿಗಳು ಒಂದು ಬಿಸ್ಕತ್ ಡಬ್ಬಿಯಲ್ಲಿ ಇನ್ನೂ ಇವೆ. ಅವನ್ನು ಕೂಡಿಸಲು ನನಗೆ ಧೈರ್ಯ ಬಂದಿಲ್ಲ.

ವಿರೋಧ: ಕಂತು ತಿಂಗಳಿಗೊಮ್ಮೆ ಬರುತ್ತದೆ, ಅಡಿಕೆ ವರ್ಷಕ್ಕೊಮ್ಮೆ

ಟೀಚರ್ ಬರೆದದ್ದನ್ನು ಪೂರ್ತಿ ಓದಿದೆ. ಅವರು ಕೊಂಡದ್ದು ಹಳೇ ಮನೆ, ಕಾಗದ ಸರಿ ಇರುವ ಮನೆ, ತಿಂಗಳ ಸಂಬಳದ ಮೇಲೆ. ಅವರಿಗೆ ಒಳ್ಳೆಯದಾಗಲಿ. ಆದರೆ "ಈಗಲೇ ಕೊಳ್ಳಿ" ಎಂಬ ಮಾತು ಕೇಳಿ ಶಿವಮೊಗ್ಗದಲ್ಲಿ ದುಡ್ಡು ಹಾಕುವವರೆಲ್ಲ ಅಂಥ ಮನೆ ಕೊಳ್ಳುವುದಿಲ್ಲ. ಜಾಸ್ತಿ ಜನ ಕೊಳ್ಳುವುದು ಊರಾಚೆಯ ಸೈಟನ್ನು. ನಮ್ಮ ಭಾವ ಹಾಗೆ ಕೊಂಡವರು.

2023ರ ಫೆಬ್ರವರಿ 27ಕ್ಕೆ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು. ಆಗಸ್ಟ್ ಕೊನೆಗೆ ಬೆಂಗಳೂರಿನ ವಿಮಾನ ಬಂತು. ಆ ವರ್ಷ ಊರಲ್ಲಿ ಎಲ್ಲಿ ನೋಡಿದರೂ "ಏರ್‌ಪೋರ್ಟ್ ಪಕ್ಕ" ಎಂಬ ಬೋರ್ಡು. ಭಾವ ತೋಟದ ಮೇಲೆ ಸಾಲ ತೆಗೆದು ಒಂದು ಸೈಟಿಗೆ ದುಡ್ಡು ಕಟ್ಟಿದರು. "ಮೂರು ವರ್ಷಕ್ಕೆ ಡಬಲ್ ಆಗುತ್ತೆ ಮಾರಾಯ, ಮಗಳ ಮದುವೆಗೆ ಆಯ್ತು" ಅಂದರು. ಕಳೆದ ಸಲ ನಾನು ಅವರ ಜೊತೆ ಹೋಗಿದ್ದೆ. ಕಂಬಗಳು ನಿಂತಿವೆ, ತಂತಿ ಇಲ್ಲ. ಚರಂಡಿಯ ಕಲ್ಲು ಕುಸಿದು ಮಣ್ಣು ತುಂಬಿದೆ. ಎದೆಯೆತ್ತರ ಪಾರ್ಥೇನಿಯಂ ಬೆಳೆದಿತ್ತು. ಭಾವ ಕತ್ತಿ ತಂದಿದ್ದರು. ಸವರುತ್ತಾ ಹೋಗಿ ಬಿಳಿ ಬಣ್ಣ ಬಳಿದ ಮೂರು ಗಡಿಕಲ್ಲು ಹುಡುಕಿದೆವು. ನಾಲ್ಕನೆಯದು ಸಿಗಲಿಲ್ಲ.

ಅದನ್ನು ಮಾರಲು ಹೊರಟಾಗ ನಿಜ ಗೊತ್ತಾಯಿತು. ಪಂಚಾಯ್ತಿ ಕೊಟ್ಟಿದ್ದು 11ಬಿ ನಮೂನೆ, ಅಂದರೆ ಸರಿಯಾದ ಅನುಮೋದನೆ ಇಲ್ಲದ ಜಾಗಕ್ಕೆ ಕೊಡುವ ಕಾಗದ. ಕೊಳ್ಳಲು ಬಂದವರಿಗೆ ಬ್ಯಾಂಕು ಸಾಲ ಕೊಡಲಿಲ್ಲ. ಪೂರ್ತಿ ನಗದು ತರುವವರು ಯಾರಿದ್ದಾರೆ? ಬ್ರೋಕರ್ ಕೇಳಿದರೆ ಈಗಲೂ ದೊಡ್ಡ ರೇಟನ್ನೇ ಹೇಳುತ್ತಾರೆ. ಟೀಚರ್ ಹೇಳಿದ "ನಿಂತ ರೇಟು" ಇದೇ. ನಾನು ಕೇಳುವುದು ಇಷ್ಟೆ: ಎರಡು ವರ್ಷದಿಂದ ಒಬ್ಬರೂ ಕೊಡದ ರೇಟು ರೇಟು ಹೇಗಾಗುತ್ತದೆ? ಹೇಳುವ ಬೆಲೆ ಬೇರೆ, ಕೈಗೆ ಬರುವ ಬೆಲೆ ಬೇರೆ. ಮಾರುವವರು ಇದನ್ನು ಮೊದಲೇ ತಿಳಿದುಕೊಂಡರೆ ಮಗಳ ಮದುವೆ, ಆಸ್ಪತ್ರೆ ಅಂತ ದುಡ್ಡು ಬೇಕಾದ ದಿನ ಕಂಗಾಲಾಗುವುದಿಲ್ಲ.

ಇನ್ನು ಮನೆಯನ್ನೇ ಕೊಳ್ಳುವವರ ಲೆಕ್ಕ. ನಾನಿರುವ ಮನೆಗೆ ಬಾಡಿಗೆ 14,000. ಅಂಥದ್ದೇ ಪಕ್ಕದ ಮನೆಗೆ 60 ಲಕ್ಷ ಹೇಳುತ್ತಿದ್ದಾರೆ. ಆ ಬೆಲೆಗೆ ಬ್ಯಾಂಕು ಹೆಚ್ಚೆಂದರೆ ಶೇ. 80 ಕೊಡುತ್ತದೆ, ಅಂದರೆ 48 ಲಕ್ಷ. ಶೇ. 7.5ರಲ್ಲಿ 20 ವರ್ಷಕ್ಕೆ ಕಂತು 38,600ರ ಮೇಲಾಯಿತು. ಉಳಿದ 12 ಲಕ್ಷ ಕೈಯಿಂದ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ನೋಂದಣಿ ಶುಲ್ಕ ಸೇರಿ ಶೇ. 7.6, ಅದು ಇನ್ನೊಂದು ನಾಲ್ಕೂವರೆ ಲಕ್ಷ. ಮನೆ ಅದೇ, ಸೋರುವ ಮೂಲೆಯೂ ಅದೇ. ಬಾಡಿಗೆಗೆ ಇದ್ದರೆ ತಿಂಗಳಿಗೆ 24,000 ಕೈಯಲ್ಲಿ ಉಳಿಯುತ್ತದೆ. ಆ ದುಡ್ಡನ್ನು ಖರ್ಚು ಮಾಡದೆ ತಿಂಗಳು ತಿಂಗಳು ಎತ್ತಿಡುವುದು ಕಷ್ಟ, ಒಪ್ಪುತ್ತೇನೆ. ನಾವು ಎರಡು ವರ್ಷದಿಂದ ಇಡುತ್ತಿದ್ದೇವೆ. ಆರ್‌ಡಿ ಪುಸ್ತಕ ಹೆಂಡತಿಯ ಹತ್ತಿರ ಇದೆ.

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸಂಬಳ ಇಲ್ಲ, ಅಡಿಕೆ ಇದೆ. ನಮ್ಮ ಅಪ್ಪಯ್ಯ ಸೊಸೈಟಿ ಸಾಲವನ್ನು ಬಿಟ್ಟರೆ ಬೇರೆ ಸಾಲ ಮಾಡಿದವರಲ್ಲ, ಅದಕ್ಕೆ ಕಾರಣ ಇತ್ತು. ಸೊಸೈಟಿ ಫಸಲು ಬರುವ ತನಕ ಕಾಯುತ್ತದೆ. ಗೃಹಸಾಲದ ಕಂತಿಗೆ ಫಸಲು ಗೊತ್ತಿಲ್ಲ. ಮಳೆ ಬಿಡದೆ ಹಿಡಿದರೆ ಅಡಿಕೆಗೆ ಕೊಳೆ ರೋಗ ಬರುತ್ತದೆ, ಬೋರ್ಡೋ ಔಷಧ ಹೊಡೆಯಲು ಬಿಡುವು ಸಿಗುವುದಿಲ್ಲ. ಈಚಿನ ವರ್ಷಗಳಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆ ಎಲೆಚುಕ್ಕಿ ರೋಗ ತೋಟವನ್ನೇ ಸುಟ್ಟ ಹಾಗೆ ಮಾಡಿದೆ. ಕ್ವಿಂಟಲಿಗೆ ರೇಟು 50,000 ದಾಟಿದರೂ ಕೊಡಲು ಅಡಿಕೆಯೇ ಇಲ್ಲದಿದ್ದರೆ ಏನು ಮಾಡುವುದು? ರೇಟು ಚೆನ್ನಾಗಿರುವ ವರ್ಷ ನೋಡಿ 20 ವರ್ಷದ ಸಾಲಕ್ಕೆ ಸಹಿ ಹಾಕುವವರನ್ನು ಕಂಡರೆ ನನಗೆ ಭಯವಾಗುತ್ತದೆ. ತೋಟ ಅಡ ಇಟ್ಟು ಸೈಟು ಕೊಳ್ಳುವುದಂತೂ ಬೇಡವೇ ಬೇಡ.

ಕಾಗದದ ವಿಷಯ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಮ್ಮ ಜಿಲ್ಲೆಯ ಜಮೀನಿನ ಕತೆ ಬೇರೆ ಕಡೆಯ ಹಾಗಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಡೆಯಾದ ಊರಿನವರನ್ನು ತಂದು ಅಲ್ಲಲ್ಲಿ ಕೂರಿಸಿದರು. ಅವರಲ್ಲಿ ಎಷ್ಟೋ ಜನರ ಜಮೀನು ಕಾಗದದಲ್ಲಿ ಇನ್ನೂ ಅರಣ್ಯ ಅಂತಲೇ ಇದೆ. ಬಗರ್‌ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಾಗದಲ್ಲಿ ಮಾಡಿದ ಸಾಗುವಳಿಯ ಜಮೀನು ಇನ್ನೊಂದು ಬಗೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಮತ್ತೊಂದು. 1978ರ ಕಾಯ್ದೆ ಪ್ರಕಾರ ಅದನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿಯಲ್ಲಿ, ಜಮೀನು ವಾಪಸ್ ಕೇಳಲು ಕಾಲಮಿತಿ ಇಲ್ಲ ಅಂತ ಸ್ಪಷ್ಟ ಮಾಡಿದರು. ಅದು ನ್ಯಾಯದ ಕಾಯ್ದೆ. ಮೋಸ ಹೋದ ಬಡವರಿಗೆ ಅದೇ ಆಸರೆ. ಆದರೆ ಅಂಥ ಜಮೀನಿನ ಮೇಲೆ ಬಡಾವಣೆ ಎದ್ದಿದ್ದರೆ ಸೈಟು ಕೊಂಡವರಿಗೆ ಬ್ರೋಕರ್ ಅದನ್ನು ಹೇಳುವುದಿಲ್ಲ.

ಈಗ ಇ-ಖಾತಾ (ಆನ್‌ಲೈನ್ ಆಸ್ತಿ ದಾಖಲೆ) ಇದೆ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಇಸಿ (ಋಣಭಾರ ಪತ್ರ) ತೆಗೆಯಬಹುದು, ಇನ್ನೇನು ಭಯ ಅಂತ ಕೇಳುವವರಿದ್ದಾರೆ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಜಮೀನು ಮೊದಲು ಯಾರಿಗೆ, ಯಾವ ಷರತ್ತಿನ ಮೇಲೆ ಬಂತು ಎಂಬುದಕ್ಕೆ ಮಂಜೂರಾತಿ ಆದೇಶ, ಹಳೇ ಪಹಣಿ, ಭೂಪರಿವರ್ತನೆ ಆದೇಶ ಎಲ್ಲ ನೋಡಬೇಕು. 500 ಚದರ ಮೀಟರಿಗಿಂತ ದೊಡ್ಡ ಬಡಾವಣೆ ಮಾರಾಟಕ್ಕೆ ಇಡುವ ಮೊದಲೇ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿರಬೇಕು. ಭಾವ ದುಡ್ಡು ಕೊಡುವ ದಿನ ಇದು ಯಾವುದನ್ನೂ ಕೇಳಲಿಲ್ಲ. ಅವತ್ತೇ ಅಡ್ವಾನ್ಸ್ ಕೊಟ್ಟರೆ ರೇಟು ಕಡಿಮೆ ಅಂದಿದ್ದರಂತೆ. ಒಬ್ಬ ಒಳ್ಳೇ ವಕೀಲರಿಗೆ ಇದನ್ನೆಲ್ಲ ನೋಡಲು ಹದಿನೈದು ದಿನ ಬೇಕು. ಹದಿನೈದು ದಿನ ಕಾಯದ ಮಾರಾಟಗಾರರ ಹತ್ತಿರ ಕೊಳ್ಳಬೇಡಿ.

ನೀರಿನ ಮಾತು ಇನ್ನೂ ಇದೆ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಊರಿನ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ನಮ್ಮ ಪರಿಚಯದವರ ಮನೆಯಲ್ಲಿ ಅಕ್ಕಿ ಡಬ್ಬಿ ತೇಲುತ್ತಿತ್ತು. ಆ ಮನೆಗಳನ್ನು ನೋಡಿದ ಮೇಲೂ ನಾಲೆ ಪಕ್ಕದ ಗದ್ದೆಗೆ ಮಣ್ಣು ತುಂಬಿಸಿ ಬಡಾವಣೆ ಮಾಡುತ್ತಿದ್ದಾರೆ. ಮಾರ್ಚ್ ತಿಂಗಳ ಬಿಸಿಲಿನಲ್ಲಿ ಹೋಗಿ ನೋಡಿದರೆ ಎಲ್ಲ ಸಮತಟ್ಟು, ಎಲ್ಲ ಚೆಂದ. ತಾನು ಗದ್ದೆಯಾಗಿದ್ದೆ ಎಂಬುದನ್ನು ಆ ಜಾಗ ಜುಲೈನಲ್ಲಿ ನೆನಪಿಸಿಕೊಳ್ಳುತ್ತದೆ.

ಟೀಚರ್ ಅವರ ಮಾತಿನಲ್ಲಿ ನನಗೆ ಪೂರ್ತಿ ಹಿಡಿಸಿದ್ದು ಆ ಅಮ್ಮ ಕಿಟಕಿ ತೋರಿಸಿದ್ದು. ನಾವೂ ಎರಡು ಹಳೇ ಮನೆ ಗುರುತು ಮಾಡಿಟ್ಟಿದ್ದೇವೆ, ಒಂದು ರವೀಂದ್ರನಗರದಲ್ಲಿ, ಇನ್ನೊಂದು ಸವಳಂಗ ರಸ್ತೆ ಕಡೆ. ಎರಡರ ಮಾಲೀಕರೂ ಫೋನ್ ಮಾಡಿ ಯಾವಾಗ ಬರುತ್ತೀರಿ ಅಂತ ಕೇಳಿದರು. ಆರಿದ್ರ ಮಳೆ ಹಿಡಿದ ಮೇಲೆ, ಒಂದು ಜೋರು ಮಳೆಯ ದಿನ, ಸಂಜೆ ಹೊತ್ತಿಗೆ ಬರುತ್ತೇವೆ ಅಂದಿದ್ದೇನೆ.