250 ಗ್ರಾಂ ಡ್ರೋನ್ ಕುರಿತ ಸಂದೇಶಕ್ಕೆ ಸ್ಪಷ್ಟನೆ

"250 ಗ್ರಾಂ ಒಳಗಿನ ಡ್ರೋನ್‌ಗೆ ಯಾವ ಕಾನೂನೂ ಇಲ್ಲ, ಯಾರ ಮನೆಯ ಮೇಲೆ ಬೇಕಾದರೂ ಹಾರಿಸಿ ಚಿತ್ರೀಕರಿಸಬಹುದು" ಎಂಬ ಸಂದೇಶವೊಂದು ಬೆಳಗಾವಿಯ ಟಿಳಕವಾಡಿ, ಹಿಂದವಾಡಿ ಭಾಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ಸರಿಯಲ್ಲ. 2021ರ ಡ್ರೋನ್ ನಿಯಮಗಳು ಇಷ್ಟು ಹಗುರವಾದುದನ್ನು ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರದಿಂದ ವಿನಾಯಿತಿ ನೀಡಿವೆಯೇ ಹೊರತು ವಾಯುವಲಯದ ನಿರ್ಬಂಧಗಳಿಂದಲ್ಲ. ವಿಮಾನ ನಿಲ್ದಾಣದ ಪರಿಧಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿಗಿಂತ ಮೇಲೇರಿಸಲು ಅನುಮತಿ ಬೇಕಾಗುವುದರಿಂದ, ಸಾಂಬ್ರಾ ನಿಲ್ದಾಣ ಹತ್ತಿರವಿರುವ ನಮ್ಮೂರಿನವರು ಎಲ್ಲಿ ಅನುಮತಿ ಬೇಕೆಂದು ತೋರಿಸುವ ಸರ್ಕಾರದ ಆನ್‌ಲೈನ್ ನಕ್ಷೆಯಾದ ಡಿಜಿಟಲ್ ಸ್ಕೈ ನೋಡಿಯೇ ಹಾರಿಸಬೇಕು.

ಇನ್ನು ಕ್ಯಾಮೆರಾದ ವಿಷಯ, ನನ್ನ ಮಟ್ಟಿಗೆ ಇದೇ ಮುಖ್ಯ: ಬಚ್ಚಲಮನೆಯ ಕಿಟಕಿಯ ಎದುರು ಡ್ರೋನ್ ನಿಲ್ಲಿಸಿ ಒಳಗೆ ಸ್ನಾನ ಮಾಡುತ್ತಿರುವ ಮಹಿಳೆಯನ್ನು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧವಾಗಿದ್ದು, ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು ಹಾಗೂ ದಂಡವಿದೆ, ಅಲ್ಲಿ ಡ್ರೋನಿನ ತೂಕವನ್ನು ಯಾರೂ ಕೇಳುವುದಿಲ್ಲ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ.